ಹನ್ನೆರಡು ಸಾವಿರ ಕೊಟ್ಟು ಮಾಡಿಸಿದ ಸ್ಲ್ಯಾಬ್ ಡಿಸೈನ್: ಶೆಲ್ಲೋ, ಸಾಲಿಡ್ಡೋ?

ಕಲಬುರಗಿಯಲ್ಲಿ ಮನೆ ಕಟ್ಟಿಸುವವರಿಗೆ ಉಪಯೋಗಕ್ಕೆ ಬರಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಶೆಲ್, ಸಾಲಿಡ್ ಅಂದರೆ ಕಂಪ್ಯೂಟರಿನಲ್ಲಿ ಸ್ಲ್ಯಾಬಿನ ಮಾಡೆಲ್ ಮಾಡುವ ಎರಡು ಥರ, ಮುಂದೆ ಹೇಳ್ತೀನಿ. ಅಕ್ಕನ ಮನೆಯ ಸ್ಲ್ಯಾಬಿಗೆ ಡಿಸೈನ್ ಮಾಡಿಕೊಟ್ಟ ಆಫೀಸಿನ ಹೆಸರು ಹೇಳೋದಿಲ್ಲ. ಕೊನೆಗೆ ತಪ್ಪು ಒಪ್ಪಿಕೊಂಡು ಸರಿ ಮಾಡಿಕೊಟ್ಟರು, ಹುಡುಗರು ಒಳ್ಳೆಯವರು. ಆದರೆ ಏನಾಯ್ತು ಅಂತ ಹೇಳಲೇಬೇಕು. ಯಾಕಂದ್ರೆ ಇಂಥ ರಿಪೋರ್ಟು ನಾಳೆ ನಿಮ್ಮ ಕೈಗೂ ಬರಬಹುದು.

ಅಕ್ಕನ ಮನೆ ಸೇಡಂ ರಸ್ತೆ ಕಡೆ ಇದೆ. ಹಳೇ ಮನೆ, ಶಹಾಬಾದ್ ಕಲ್ಲಿನ ಒಂದೂವರೆ ಫೂಟಿನ ಗೋಡೆ, ಮೇಲೆ ಫರ್ಶಿ ಹೊದಿಸಿದ ಮಾಳಿಗೆ. ಮಳೆಗಾಲ ಬಂದರೆ ಹಾಲ್‌ನಲ್ಲಿ ಬಕೆಟ್ ಇಡಬೇಕಿತ್ತು. ಗೋಡೆ ಗಟ್ಟಿ ಇದೆ, ಫರ್ಶಿ ತೆಗೆದು ಆರ್‌ಸಿಸಿ ಸ್ಲ್ಯಾಬ್ ಹಾಕೋಣ, ಮುಂದೆ ಮೇಲೊಂದು ಮನೆ ಎಬ್ಬಿಸೋಣ ಅಂತ ತೀರ್ಮಾನ ಆಯ್ತು. ನಾನು ಸಿವಿಲ್ ಓದಿದವನೇ. ಆದರೆ ಇಪ್ಪತ್ತು ವರ್ಷದಿಂದ ರಸ್ತೆ, ಚರಂಡಿ ಕೆಲಸದಲ್ಲೇ ಇದ್ದೇನೆ. ಕೈಲೆಕ್ಕದಲ್ಲಿ ಮುಗಿಸಿಬಿಡ್ತೀನಿ ಅಂದೆ. ಮಾಮ ಒಪ್ಪಲಿಲ್ಲ. "ಈಗೆಲ್ಲಾ ಕಂಪ್ಯೂಟರ್‌ನಾಗ ಮಾಡ್ತಾರ, ಕಾಗದದ ಮ್ಯಾಲ ಯಾಕ?" ಅಂದರು. ಸರಿ ಅಂತ ಒಂದು ಕನ್ಸಲ್ಟೆನ್ಸಿ ಆಫೀಸಿಗೆ ಕೊಟ್ಟೆವು. ಫೀಸು 12,000 ರೂಪಾಯಿ.

ಮೊದಲು ಒಳ್ಳೆಯದು ಹೇಳ್ತೀನಿ. ಐದು ದಿನ ಅಂದವರು ಐದನೇ ದಿನವೇ ಕೊಟ್ಟರು. ಫೋನ್ ಮಾಡಿದರೆ ಎತ್ತುತ್ತಾರೆ. ಸೈಟಿಗೆ ಬಂದು ಟೇಪ್ ಹಿಡಿದು ಅಳೆದುಕೊಂಡು ಹೋದರು. ಗೋಡೆಯ ಮೇಲ್ಭಾಗ ಕುಟ್ಟಿ ನೋಡಿದರು. ರಿಪೋರ್ಟು 64 ಪುಟ, ಸ್ಪೈರಲ್ ಬೈಂಡಿಂಗ್, ಬಣ್ಣದ ಪ್ರಿಂಟು. ಸ್ಲ್ಯಾಬಿನ ಚಿತ್ರ ನೋಡಿದರೆ ಮದುವೆ ಆಲ್ಬಮ್ಮು ಹೇಗಿರುತ್ತೋ ಹಾಗಿತ್ತು. ನೀಲಿ, ಹಸಿರು, ಹಳದಿ, ನಡುವೆ ಕೆಂಪು. ಮಾಮ ಅದನ್ನು ಎರಡು ದಿನ ಬಂದವರಿಗೆಲ್ಲಾ ತೋರಿಸಿದರು.

ಮೊದಲು ಅನುಮಾನ ಬಂದದ್ದು ನನಗಲ್ಲ, ಗೌಂಡಿಗೆ. ಡ್ರಾಯಿಂಗ್ ನೋಡಿ ಅಂವ ತಲೆ ಕೆರೆದುಕೊಂಡ. "ಸಾಹೇಬ್ರ, ಇಷ್ಟ್ ದೊಡ್ಡ ಹಾಲಿಗೆ ಎಂಟ್ ಎಂಎಂ ರಾಡು, ಅದೂ ಹತ್ತಿಂಚಿಗೊಂದು. ಸಾಕಾಗ್ತದೇನ್ರೀ?" ಅಂದ. ನಾನು ಮೊದಲು ನಕ್ಕೆ. ಕಂಪ್ಯೂಟರ್ ಲೆಕ್ಕ ಮಾರಾಯ, ನಮ್ಮ ಹಳೇ ಅಂದಾಜಿಗಿಂತ ಕಡಿಮೆಯೇ ಬರುತ್ತದೆ ಅಂದೆ. ರಾತ್ರಿ ಊಟ ಆದ ಮೇಲೆ ಮನಸ್ಸು ತಡೆಯಲಿಲ್ಲ. ಮಗಳ ನೋಟ್‌ಬುಕ್ಕಿನ ಹಿಂದಿನ ಹಾಳೆ ಹರಿದುಕೊಂಡು ಕೂತೆ.

ಲೆಕ್ಕ ಇಷ್ಟೇ. ಹಾಲ್ 9 ಮೀಟರ್ ಉದ್ದ, ಅಡ್ಡ ಒಳಗಿನ ಅಳತೆ 3.875 ಮೀಟರ್. ಉದ್ದ ಅಗಲದ ಎರಡರಷ್ಟಕ್ಕಿಂತ ಜಾಸ್ತಿ, ಹಾಗಾಗಿ ಒಂದೇ ದಿಕ್ಕಿಗೆ ಬಾಗುವ ಸ್ಲ್ಯಾಬ್. ದಪ್ಪ 150 ಮಿಮೀ, ರಾಡಿನ ಮಟ್ಟದವರೆಗಿನ ಆಳ 125. ಕಾಂಕ್ರೀಟ್ ಕೆಲಸದ ಭಾರತೀಯ ಕೋಡ್ ಐಎಸ್ 456ರ ಪ್ರಕಾರ ಒಳಗಿನ ಅಳತೆಗೆ ಈ ಆಳ ಕೂಡಿಸಿದರೆ ಲೆಕ್ಕದ ಸ್ಪ್ಯಾನ್ (ಆಧಾರದಿಂದ ಆಧಾರಕ್ಕೆ ದೂರ) ಸರಿಯಾಗಿ 4 ಮೀಟರ್. ಸ್ಲ್ಯಾಬಿನ ಸ್ವಂತ ಭಾರ ಚದರ ಮೀಟರಿಗೆ 3.75 ಕಿಲೋನ್ಯೂಟನ್, ಫ್ಲೋರಿಂಗ್ ಇತ್ಯಾದಿ 1.25, ಮನೆಯ ಲೈವ್ ಲೋಡ್ (ಜನ, ಸಾಮಾನಿನ ಭಾರ) 2. ಒಟ್ಟು 7. ನಡುವಿನ ಮೊಮೆಂಟ್ (ಸ್ಲ್ಯಾಬನ್ನು ಬಾಗಿಸುವ ಪ್ರಭಾವ) ಅಂದರೆ ಭಾರ ಗುಣಿಸು ಸ್ಪ್ಯಾನಿನ ವರ್ಗ ಭಾಗಿಸು 8. ಅಂದರೆ 14 ಕಿಲೋನ್ಯೂಟನ್ ಮೀಟರ್. ರಿಪೋರ್ಟಿನಲ್ಲಿ ಇದ್ದದ್ದು 7.

ಸರಿಯಾಗಿ ಅರ್ಧ. ಸ್ವಲ್ಪ ಹೆಚ್ಚುಕಮ್ಮಿ ಇದ್ದರೆ ಏನೋ ಸೂಕ್ಷ್ಮ ಇರಬೇಕು ಅಂತ ಬಿಡ್ತಿದ್ದೆ. ಸರಿಯಾಗಿ ಅರ್ಧ ಬಂದರೆ ಎಲ್ಲೋ ಏನೋ ಎಡವಟ್ಟು ಆಗಿದೆ ಅಂತಲೇ ಅರ್ಥ.

ಡಿಫ್ಲೆಕ್ಷನ್ ನೋಡಿದೆ. ಎಂ25 ದರ್ಜೆಯ ಕಾಂಕ್ರೀಟಿಗೆ ನನ್ನ ಲೆಕ್ಕದಲ್ಲಿ ಸ್ಲ್ಯಾಬ್ ನಡುವೆ 3.3 ಮಿಮೀ ಬಾಗಬೇಕು. ರಿಪೋರ್ಟಿನಲ್ಲಿ 1.3. ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಹೀಗೊಂದು ಸಾಲು: ತ್ರೀಡಿ ಸಾಲಿಡ್ ಮಾಡೆಲ್ ಆದ್ದರಿಂದ ಫಲಿತಾಂಶ ಹೆಚ್ಚು ನಿಖರ. ಈ ಸಾಲೇ ನನಗೆ ಜಾಸ್ತಿ ಸಿಟ್ಟು ತರಿಸಿದ್ದು.

ಎಂಜಿನಿಯರಿಂಗ್ ಗೊತ್ತಿಲ್ಲದವರಿಗೆ ಎರಡು ಮಾತು. ಸ್ಲ್ಯಾಬನ್ನು ಕಂಪ್ಯೂಟರಿನಲ್ಲಿ ಎರಡು ಥರ ಮಾಡಬಹುದು. ಒಂದು ಶೆಲ್. ದಪ್ಪವೇ ಇಲ್ಲದ ಒಂದು ಹಾಳೆ ಸ್ಲ್ಯಾಬಿನ ನಡುಮಟ್ಟದಲ್ಲಿದೆ ಅಂದುಕೊಳ್ಳಿ, ದಪ್ಪ ಬರೀ ಒಂದು ಸಂಖ್ಯೆಯಾಗಿ ಕೊಡ್ತೀರಿ. ಇನ್ನೊಂದು ಸಾಲಿಡ್. ಇಟ್ಟಿಗೆ ಮೇಲೆ ಇಟ್ಟಿಗೆ ಇಟ್ಟ ಹಾಗೆ ಸಣ್ಣ ಸಣ್ಣ ಗಟ್ಟಿ ತುಂಡುಗಳಿಂದ ಇಡೀ ಸ್ಲ್ಯಾಬ್ ತುಂಬಿಸೋದು. ನೋಡೋಕೆ ಸಾಲಿಡ್ಡೇ ನಿಜವಾದ ಸ್ಲ್ಯಾಬಿನ ಹಾಗೆ ಕಾಣುತ್ತದೆ. ಅಂಚು ಕಾಣುತ್ತದೆ, ದಪ್ಪ ಕಾಣುತ್ತದೆ. ಅದಕ್ಕೇ ಜನ ಅದೇ ಮೇಲು ಅಂದುಕೊಳ್ತಾರೆ. ನಾನೂ ಒಂದು ಕಾಲಕ್ಕೆ ಹಾಗೇ ಅಂದುಕೊಂಡಿದ್ದೆ.

ಮಾರನೇ ದಿನ ರಿಪೋರ್ಟಿನ 41ನೇ ಪುಟದಲ್ಲಿ ಸುಳಿವು ಸಿಕ್ಕಿತು. ಹಾಲಿನ ಸರಿ ನಡುವೆ ಸ್ಲ್ಯಾಬಿನ ಮೇಲ್ಮೈಯಲ್ಲಿ ಒತ್ತಡ ಚದರ ಮಿಮೀಗೆ ಸುಮಾರು 2.5 ನ್ಯೂಟನ್, ಕೆಳಮೈಯಲ್ಲಿ ಎಳೆತ ಸುಮಾರು 1.2. ಬರೀ ಬಾಗುವ ಸ್ಲ್ಯಾಬ್ ಆದರೆ ಮೇಲೆ ಎಷ್ಟು ಒತ್ತು ಇರುತ್ತದೋ ಕೆಳಗೆ ಅಷ್ಟೇ ಎಳೆತ ಇರಬೇಕು. ನನ್ನ ಲೆಕ್ಕದಲ್ಲಿ ಎರಡೂ ಕಡೆ 3.7. ಇವರ ಸ್ಲ್ಯಾಬಿನಲ್ಲಿ ಎಲ್ಲಾ ಕಡೆ ಇನ್ನೊಂದಿಷ್ಟು ಒತ್ತು ಸೇರಿಕೊಂಡಿದೆ. ಅಂದರೆ ಯಾರೋ ಸ್ಲ್ಯಾಬನ್ನು ಎರಡೂ ಬದಿಯಿಂದ ಒಳಕ್ಕೆ ನೂಕುತ್ತಿದ್ದಾರೆ. ಯಾರು ಅಂತ ನೋಡಿದರೆ ನಮ್ಮ ಗೋಡೆಗಳು.

ಅವರು ಮಾಡಿದ್ದು ಇಷ್ಟು. ಸಾಲಿಡ್ ಸ್ಲ್ಯಾಬಿನ ಕೆಳಗಿನ ಅಂಚಿನ ಗೆರೆಯನ್ನು ಎರಡೂ ಗೋಡೆಯ ಮೇಲೆ ಪಿನ್ ಮಾಡಿದ್ದಾರೆ. ಮೇಲೆ ಕೆಳಗೆ ಹೋಗಬಾರದು, ಸರಿ. ಅಡ್ಡಕ್ಕೂ ಹೋಗಬಾರದು ಅಂತ ಎರಡೂ ಕಡೆ ಕಟ್ಟಿಹಾಕಿದ್ದಾರೆ. ಸ್ಲ್ಯಾಬ್ ಬಾಗಿದಾಗ ಕೆಳಮೈ ಉದ್ದ ಆಗಬೇಕು, ಅಲ್ವಾ? ತುದಿ ಸ್ವಲ್ಪ ಹೊರಕ್ಕೆ ಜರುಗಬೇಕು. ಪಿನ್ ಬಿಡೋದಿಲ್ಲ. ಆಗ ಸ್ಲ್ಯಾಬು ಸ್ಲ್ಯಾಬಾಗಿ ಉಳಿಯೋದಿಲ್ಲ, ಕಮಾನಿನ ಥರ ಗೋಡೆ ಮೇಲೆ ಒರಗಿಕೊಳ್ಳುತ್ತದೆ. ಕಾಗದದ ಮೇಲೆ ಲೆಕ್ಕ ಹಾಕಿದರೆ ಉತ್ತರ ಚೆಂದ ಬರುತ್ತದೆ: ನಡುವಿನ ಮೊಮೆಂಟ್ ಸರಿಯಾಗಿ ಅರ್ಧ ಆಗುತ್ತದೆ, ಡಿಫ್ಲೆಕ್ಷನ್ ಐದರಲ್ಲಿ ಎರಡು ಪಾಲು ಆಗುತ್ತದೆ. 3.3ರಲ್ಲಿ ಐದನೇ ಎರಡು ಪಾಲು ಅಂದರೆ 1.3. ಸಿಕ್ಕಿಬಿದ್ದರು.

ಇದಕ್ಕೆ ಗೋಡೆ ಎಷ್ಟು ಅಡ್ಡ ತಳ್ಳು ತಡೆಯಬೇಕು ಗೊತ್ತಾ? ಪ್ರತಿ ಮೀಟರಿಗೆ 93 ಕಿಲೋನ್ಯೂಟನ್. ಒಂಬತ್ತೂವರೆ ಟನ್! ಸ್ಲ್ಯಾಬ್ ಗೋಡೆ ಮೇಲೆ ನೇರವಾಗಿ ಹೇರುವ ಭಾರ ಮೀಟರಿಗೆ ಬರೀ 14 ಕಿಲೋನ್ಯೂಟನ್. ಅದರ ಆರು ಪಟ್ಟಿಗಿಂತ ಜಾಸ್ತಿ ಅಡ್ಡಕ್ಕೆ. ನಮ್ಮ ಕೋಟೆಯೊಳಗಿನ ಜಾಮಿ ಮಸೀದಿ ನೋಡಿದವರಿಗೆ ಕಮಾನು, ಗುಮ್ಮಟ ಹೊತ್ತ ಕಂಬಗಳು ಎಷ್ಟು ದಪ್ಪ ಅಂತ ಗೊತ್ತಿರುತ್ತದೆ. 1367ರಲ್ಲಿ ಕಟ್ಟಿದವರಿಗೆ ಕಮಾನು ಪಕ್ಕಕ್ಕೆ ತಳ್ಳುತ್ತದೆ ಅನ್ನೋದು ಗೊತ್ತಿತ್ತು. ಅಕ್ಕನ ಮನೆಯ ಗೋಡೆ ಗಟ್ಟಿ ಇರಬಹುದು, ಆದರೆ ಮಣ್ಣು ಗಾರೆಯಲ್ಲಿ ಕಟ್ಟಿದ ಕಲ್ಲಿನ ಗೋಡೆಯ ತಲೆಯನ್ನು ಮೀಟರಿಗೆ ಒಂಬತ್ತು ಟನ್ನಿನಂತೆ ಹೊರಕ್ಕೆ ನೂಕಿದರೆ ಅದು ನಿಲ್ಲುತ್ತದಾ? ಜರುಗುತ್ತದೆ. ಜರುಗಿದ ಕೂಡಲೇ ಸ್ಲ್ಯಾಬಿಗೆ ಪೂರ್ತಿ 14 ಬರುತ್ತದೆ, ಒಳಗೆ ಇರೋದು 7ರ ರಾಡು.

ರಾಡಿನ ಲೆಕ್ಕವನ್ನೂ ಹೇಳಿಬಿಡ್ತೀನಿ. 14ಕ್ಕೆ ಸುರಕ್ಷತೆಗೆ ಅಂತ ಒಂದೂವರೆ ಪಟ್ಟು ಹಾಕಿದರೆ 21. ಎಫ್‌ಇ 500 ದರ್ಜೆಯ ಸ್ಟೀಲಿನಲ್ಲಿ ಮೀಟರಿಗೆ ಸುಮಾರು 413 ಚದರ ಮಿಮೀ ಬೇಕು. ಅಂದರೆ 10 ಎಂಎಂ ರಾಡು 180 ಮಿಮೀಗೊಂದು. ಅವರು ಕೊಟ್ಟಿದ್ದು 8 ಎಂಎಂ 250ಕ್ಕೊಂದು, ಸುಮಾರು 200 ಚದರ ಮಿಮೀ. ಗೌಂಡಿಗೆ ಹೋಗಿ ನೀನು ಹೇಳಿದ್ದೇ ಸರಿ ಅಂದೆ. ಅಂವ ಏನೂ ಅನ್ನಲಿಲ್ಲ, ಎಲೆ ಅಡಿಕೆ ಹಾಕಿಕೊಂಡ.

ಆಫೀಸಿಗೆ ಹೋದೆ. ಮಾಡೆಲ್ ಮಾಡಿದ ಹುಡುಗ ಎಂ.ಟೆಕ್ ಮುಗಿಸಿ ಎರಡು ವರ್ಷ ಆಗಿದೆ ಅಷ್ಟೇ. ನನ್ನ ನೋಟ್‌ಬುಕ್ ಹಾಳೆ ನೋಡಿ ಮೊದಲು, "ಸರ್, ಅದು ಬೀಮ್ ಥಿಯರಿ, ನಮ್ದು ತ್ರೀಡಿ" ಅಂದ. ಸಪೋರ್ಟ್ ರಿಯಾಕ್ಷನ್ (ಗೋಡೆ ಸ್ಲ್ಯಾಬಿಗೆ ವಾಪಸ್ ಕೊಡುವ ಬಲ) ತೆಗಿಯಪ್ಪಾ, ಅಡ್ಡ ದಿಕ್ಕಿನದು ಅಂದೆ. ತೆಗೆದ. ಸ್ಕ್ರೀನ್ ನೋಡಿದ, ನನ್ನ ನೋಡಿದ. ಎದ್ದುಹೋಗಿ ಇಬ್ಬರಿಗೂ ಚಹಾ ಹೇಳಿ ಬಂದ. ಒಂದು ಕಡೆ ಅಡ್ಡಕ್ಕೆ ಬಿಟ್ಟು ಮತ್ತೆ ಓಡಿಸಿದ. 3.3 ಬಂತು. ಈ ಹುಡುಗನ ಮೇಲೆ ನನಗೆ ಗೌರವ ಬಂದದ್ದು ಅಲ್ಲೇ. ವಾದ ಮಾಡಲಿಲ್ಲ.

ಶೆಲ್‌ನಲ್ಲಿ ಯಾಕೆ ಮಾಡಲಿಲ್ಲ ಅಂತ ಕೇಳಿದೆ. "ಕ್ಲೈಂಟ್‌ಗೆ ಸಾಲಿಡ್ ಚಿತ್ರ ಇಷ್ಟ ಆಗ್ತದ ಸರ್" ಅಂದ. ನಿಜವೇ, ನಮ್ಮ ಮಾಮನೇ ಸಾಕ್ಷಿ.

ಶೆಲ್‌ನಲ್ಲಿ ಮಾಡಿದ್ದರೆ ಈ ತಪ್ಪು ಆಗೋದೇ ಕಷ್ಟ ಇತ್ತು. ಹಾಳೆ ನಡುಮಟ್ಟದಲ್ಲಿ ಇರುತ್ತದೆ, ಸಪೋರ್ಟೂ ಅಲ್ಲೇ ಬೀಳುತ್ತದೆ. ಬಾಗುವಾಗ ನಡುಮಟ್ಟ ಉದ್ದ ಆಗೋದಿಲ್ಲ. ಹಾಗಾಗಿ ಗೊತ್ತಿಲ್ಲದೆ ಎರಡೂ ಕಡೆ ಪಿನ್ ಹಾಕಿದರೂ ಮಾಮೂಲಿ ಲೆಕ್ಕದಲ್ಲಿ ಏನೂ ಕೆಡೋದಿಲ್ಲ. ಇಷ್ಟೇ ಅಲ್ಲ. ಸ್ಲ್ಯಾಬ್ ಡಿಸೈನಿಗೆ ಬೇಕಾದದ್ದು ಮೊಮೆಂಟು. ಶೆಲ್ ಅದನ್ನು ನೇರವಾಗಿ ಕೈಗೆ ಕೊಡುತ್ತದೆ. ಸಾಲಿಡ್ ಕೊಡೋದು ಸ್ಟ್ರೆಸ್, ಅಂದರೆ ಒಂದೊಂದು ಜಾಗದ ಒತ್ತು, ಎಳೆತ. ಅದನ್ನು ದಪ್ಪದ ಉದ್ದಕ್ಕೂ ಕೂಡಿಸಿ ಕೂಡಿಸಿ ಮೊಮೆಂಟ್ ಮಾಡಿಕೊಳ್ಳಬೇಕು. ಅಲ್ಲೊಂದು ತಪ್ಪಿಗೆ ಬಾಗಿಲು ತೆರೆದೇ ಇರುತ್ತದೆ.

ಕೆಲಸದ ಭಾರವೂ ನೋಡಿ. ಅವರ ಸಾಲಿಡ್ ಮಾಡೆಲಿನಲ್ಲಿ ಸುಮಾರು 75 ಮಿಮೀ ತುಂಡು, ದಪ್ಪಕ್ಕೆ ಎರಡು ಪದರ. ಸುಮಾರು 13 ಸಾವಿರ ಎಲಿಮೆಂಟು (ತುಂಡು), 72 ಸಾವಿರ ನೋಡ್ (ತುಂಡಿನ ಮೂಲೆ, ಅಂಚಿನಲ್ಲಿರುವ ಲೆಕ್ಕದ ಬಿಂದು), ಒಂದೊಂದು ನೋಡಿಗೆ ಮೂರು ಚಲನೆ, ಒಟ್ಟು ಎರಡು ಲಕ್ಷದ ಮೇಲೆ ಸಮೀಕರಣ. ಅದೇ ಹಾಲು 250 ಮಿಮೀ ಶೆಲ್‌ನಲ್ಲಿ 576 ಎಲಿಮೆಂಟು, 629 ನೋಡು, ನಾಲ್ಕು ಸಾವಿರಕ್ಕಿಂತ ಕಡಿಮೆ ಸಮೀಕರಣ. ಸಪೋರ್ಟ್ ಸರಿ ಇದ್ದರೆ ಉತ್ತರ ಎರಡರಲ್ಲೂ ಒಂದೇ.

ಇವರು ಒಂದು ವಿಷಯದಲ್ಲಿ ಮಾತ್ರ ಹುಷಾರಾಗಿದ್ದರು, ಅದನ್ನು ಮೆಚ್ಚಬೇಕು. ಪ್ರತಿ ಅಂಚಿನ ನಡುವೆಯೂ ನೋಡ್ ಇರುವ 20 ನೋಡಿನ ಎಲಿಮೆಂಟು ಬಳಸಿದ್ದರು. ಬರೀ ಮೂಲೆಗಳಲ್ಲಿ ನೋಡ್ ಇರುವ 8 ನೋಡಿನ ಸಾದಾ ತುಂಡು ಹಾಕಿ, ದಪ್ಪಕ್ಕೆ ಒಂದೇ ಪದರ ಇಟ್ಟಿದ್ದರೆ ಇನ್ನೊಂದು ಗುಂಡಿಗೆ ಬೀಳ್ತಿದ್ದರು. ಆ ತುಂಡಿನ ಅಂಚು ಬಗ್ಗೋದಿಲ್ಲ, ನೇರವಾಗೇ ಇರುತ್ತದೆ. ಬಾಗಬೇಕಾದ ಕಡೆ ಸುಳ್ಳು ಶಿಯರ್ (ಕತ್ತರಿಸುವ ಥರದ ಬಲ) ಹುಟ್ಟಿಕೊಂಡು ಬಿಗಿಯಾಗುತ್ತದೆ. ತುಂಡಿನ ಉದ್ದ ದಪ್ಪದಷ್ಟೇ ಇದ್ದರೆ ಪುಸ್ತಕದ ಲೆಕ್ಕದಲ್ಲಿ ಒಂದೂವರೆ ಪಟ್ಟು ಬಿಗಿ, ಉದ್ದ ದಪ್ಪದ ಎರಡರಷ್ಟಾದರೆ ಮೂರು ಪಟ್ಟು. ಇದನ್ನೇ ಶಿಯರ್ ಲಾಕಿಂಗ್ ಅಂತಾರೆ. ಅದನ್ನು ತಪ್ಪಿಸೋಕೆ, ಒಳಗೆ ಒಂದೇ ಬಿಂದುವಿನಲ್ಲಿ ಸ್ಟ್ರೆಸ್ ಅಳೆಯುವ ಥರದ 8 ನೋಡಿನ ತುಂಡು ಹಾಕಿದರೆ ಉಲ್ಟಾ ಕಥೆ. ಅಳತೆಯ ಜಾಗ ಸರಿಯಾಗಿ ನಡುಮಟ್ಟದಲ್ಲಿ, ಅಲ್ಲಿ ಬಾಗುವ ಸ್ಟ್ರೆಸ್ಸೇ ಸೊನ್ನೆ. ಒಂದೇ ಪದರ ಇದ್ದರೆ ಸ್ಲ್ಯಾಬು ಹಪ್ಪಳದ ಹಾಗೆ ಸಡಿಲ.

ಹಾಗಂತ ಶೆಲ್ ದೇವರಲ್ಲ. ಮಲಗುವ ಕೋಣೆ 4 ಮೀಟರಿಗೆ 5, ಎರಡೂ ದಿಕ್ಕಿಗೆ ಬಾಗುವ ಸ್ಲ್ಯಾಬ್. ಅಲ್ಲಿ ಶೆಲ್ ಎರಡು ದಿಕ್ಕಿನ ಮೊಮೆಂಟಿನ ಜೊತೆ ತಿರುಚುವ ಮೊಮೆಂಟೂ ಕೊಡುತ್ತದೆ. ಮೂಲೆಯಲ್ಲಿ ಅದೇ ಜಾಸ್ತಿ. ಬರೀ ಎರಡು ದಿಕ್ಕಿನದು ನೋಡಿ ರಾಡು ಇಟ್ಟರೆ ಮೂಲೆ ಸೀಳುತ್ತದೆ. ಅದಕ್ಕೆ ವುಡ್ ಮತ್ತು ಆರ್ಮರ್ 1968ರಲ್ಲಿ ಕೊಟ್ಟ ಸೂತ್ರದಿಂದ ತಿರುಚುವಿಕೆಯನ್ನೂ ಸೇರಿಸಿಕೊಳ್ಳಬೇಕು. ಕೈಲೆಕ್ಕದವರಿಗೆ ಐಎಸ್ 456 ಸುಲಭ ದಾರಿ ಕೊಟ್ಟಿದೆ: ಸ್ಲ್ಯಾಬು ಎರಡೂ ಅಂಚಿನಾಚೆ ಮುಂದುವರಿಯದ ಮೂಲೆಯಲ್ಲಿ ನಡುವಿನ ರಾಡಿನ ಮುಕ್ಕಾಲು ಭಾಗವನ್ನು ಮೇಲೂ ಕೆಳಗೂ ಎರಡೂ ದಿಕ್ಕಿಗೆ ಹಾಕಿ. ಕಂಬದ ಮೇಲೆ ನೇರ ಕೂರುವ ಸ್ಲ್ಯಾಬ್ ಆದರೆ ಇನ್ನೊಂದು ತೊಂದರೆ. ಕಂಬವನ್ನು ಒಂದು ಚುಕ್ಕೆ ಮಾಡಿದರೆ, ಮೆಶ್ (ತುಂಡುಗಳ ಜಾಲ) ಸಣ್ಣ ಮಾಡಿದಷ್ಟೂ ಅಲ್ಲಿನ ಮೊಮೆಂಟ್ ಏರುತ್ತಲೇ ಹೋಗುತ್ತದೆ. ಕಂಬದ ಮುಖದ ಹತ್ತಿರದ್ದು ತೆಗೆದುಕೊಳ್ಳಬೇಕು, ತುದಿಯ ಕೆಂಪು ನೋಡಿ ಹೆದರಬಾರದು.

ಸಾಲಿಡ್ ಬೇಡವೇ ಬೇಡ ಅಂತ ನಾನು ಹೇಳ್ತಿಲ್ಲ. ನಮ್ಮ ಊರಲ್ಲಿ ತೊಗರಿ ಬೇಳೆ ಮಿಲ್ಲುಗಳಿಗೆ ಕಡಿಮೆ ಇಲ್ಲ. ಒಂದು ಮಿಲ್ಲಿನ ಮಶಿನ್ ಫೌಂಡೇಶನ್ ನೋಡಿದ್ದೆ. 2 ಮೀಟರ್ ಅಗಲ, 1.2 ಮೀಟರ್ ದಪ್ಪದ ಕಾಂಕ್ರೀಟ್ ಗಡ್ಡೆ, ಅದರಲ್ಲಿ ಬೋಲ್ಟಿಗೆ ಗುಂಡಿಗಳು. ಅದನ್ನು ಶೆಲ್ ಅಂದರೆ ನಗೆಪಾಟಲು. ಅಲ್ಲಿ ಸಾಲಿಡ್ಡೇ ಬೇಕು. ಪೈಲ್ ಕ್ಯಾಪ್, ಕಂಬದಿಂದ ಹೊರಚಾಚಿದ ಗಿಡ್ಡ ಕಾರ್ಬೆಲ್, ಇವೂ ಹಾಗೇ. ನನ್ನ ಅಂದಾಜಿನ ಅಳತೆ ಹೀಗೆ: ಸ್ಪ್ಯಾನ್ ದಪ್ಪದ ಹತ್ತು ಪಟ್ಟಿಗಿಂತ ಜಾಸ್ತಿ ಇದ್ದರೆ ಕಣ್ಣುಮುಚ್ಚಿ ಶೆಲ್. ಐದು ಪಟ್ಟಿಗಿಂತ ಕಡಿಮೆ ಆದರೆ ಸಾಲಿಡ್ ಯೋಚಿಸಿ. ನಡುವೆ ಇದ್ದರೆ ಶಿಯರ್ ಲೆಕ್ಕ ಹಿಡಿಯುವ ದಪ್ಪ ಶೆಲ್. ಅಕ್ಕನ ಹಾಲ್ 4000 ಭಾಗಿಸು 150, ಅಂದರೆ ಸುಮಾರು 27 ಪಟ್ಟು. ಇದರಲ್ಲಿ ಯೋಚಿಸೋಕೆ ಏನಿದೆ?

ಇನ್ನೊಂದು ಗೊಂದಲ. 3.3 ಮಿಮೀ ಅಂದರೆ ಆರಾಮ, ಸ್ಪ್ಯಾನ್ ಭಾಗಿಸು 250 ಅಂದರೆ 16 ಮಿಮೀವರೆಗೂ ಬಿಡ್ತಾರಲ್ಲ ಅಂತ ಆ ಹುಡುಗ ಅಂದ. ಇಲ್ಲಪ್ಪಾ. ಶೆಲ್ಲಾಗಲಿ ಸಾಲಿಡ್ಡಾಗಲಿ, ಈ ಮಾಮೂಲಿ ಲೆಕ್ಕಕ್ಕೆ ಕಾಂಕ್ರೀಟ್ ಬಿರುಕು ಬಿಡುತ್ತದೆ ಅಂತ ಗೊತ್ತೇ ಇಲ್ಲ. ಎಂ25ಕ್ಕೆ ಬಿರುಕು ಶುರುವಾಗೋದು 3.5ರ ಎಳೆತಕ್ಕೆ, ನಮ್ಮದು 3.7. ಬಿರುಕು ಬಿಟ್ಟರೆ ಬಾಗು ಏರುತ್ತದೆ, ವರ್ಷಗಟ್ಟಲೆ ಭಾರ ಹೊತ್ತರೆ ಕ್ರೀಪಿನಿಂದ (ಭಾರಕ್ಕೆ ಕಾಂಕ್ರೀಟ್ ನಿಧಾನವಾಗಿ ಜಗ್ಗೋದು) ಇನ್ನೂ ಏರುತ್ತದೆ. ಅದಕ್ಕೇ ಕೋಡಿನಲ್ಲಿ ಸ್ಪ್ಯಾನಿಗೂ ಆಳಕ್ಕೂ ಒಂದು ಮಿತಿ ಇಟ್ಟಿದ್ದಾರೆ. ಸರಳ ಸ್ಲ್ಯಾಬಿಗೆ ಮೂಲ ಸಂಖ್ಯೆ 20, ರಾಡಿನ ಪ್ರಮಾಣ ನೋಡಿ ಅದನ್ನು ಹೆಚ್ಚಿಸಿಕೊಳ್ಳಬಹುದು. ನಮ್ಮದು 4000 ಭಾಗಿಸು 125, ಅಂದರೆ 32. ಹೆಚ್ಚಿಸಿಕೊಂಡರೂ ಅಲ್ಲಿಗೆ ಮುಟ್ಟಲಿಲ್ಲ. ಅಂದರೆ 150 ದಪ್ಪವೇ ಸಾಲದು! 64 ಪುಟದಲ್ಲಿ ಈ ಒಂದು ಸಾಲಿನ ಲೆಕ್ಕ ಇರಲಿಲ್ಲ. 1.3 ಮಿಮೀ ನೋಡಿ ಎಲ್ಲರೂ ನಿಶ್ಚಿಂತೆಯಾಗಿದ್ದರು. ಕೊನೆಗೆ 175 ಮಿಮೀ ಸ್ಲ್ಯಾಬ್, 10 ಎಂಎಂ ರಾಡು 180ಕ್ಕೆ ಅಂತ ಆಯ್ತು.

ಸ್ಟೀಲ್ ಬಿಲ್ಲು ಏರಿದ್ದಕ್ಕೆ ಮಾಮ ಒಂದು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಅಕ್ಕ ಮಾತ್ರ, "ಮಕ್ಕಳು ಮಲಗೋ ಜಾಗ ಅದ, ಹಾಕ್ರಿ ಸುಮ್ನ" ಅಂದಳು.

ಸ್ಟಾರ್ ಎಷ್ಟು ಅಂದರೆ ಮೂರು. ಮೊದಲ ರಿಪೋರ್ಟಿಗೆ ಒಂದು ಸ್ಟಾರೂ ಜಾಸ್ತಿ. ತಪ್ಪು ತೋರಿಸಿದ ಮೇಲೆ ನಡೆದುಕೊಂಡ ರೀತಿಗೆ ಪೂರ್ತಿ ಐದು ಕೊಡಬಹುದು. ಎರಡನೇ ರಿಪೋರ್ಟಿಗೆ ದುಡ್ಡು ಕೇಳಲಿಲ್ಲ. ಅದು ಒಂಬತ್ತು ಪುಟ, ಕಪ್ಪು ಬಿಳುಪು, ಶೆಲ್ ಮಾಡೆಲು. ಮಾಮನಿಗೆ ಅದು ಇಷ್ಟ ಆಗಲಿಲ್ಲ, ಯಾರಿಗೂ ತೋರಿಸಿಲ್ಲ.

ನೀವು ಇಂಥ ಕಡೆ ಕೆಲಸ ಕೊಟ್ಟರೆ ಬಣ್ಣದ ಚಿತ್ರ ಆಮೇಲೆ ಕೇಳಿ. ಮೊದಲು ರಿಯಾಕ್ಷನ್ ಪಟ್ಟಿ ಕೇಳಿ. ನೇರ ಭಾರದ ಮೊತ್ತ ನಿಮ್ಮ ಒಟ್ಟು ಭಾರಕ್ಕೆ ಸರಿಹೋಗಬೇಕು. ಬರೀ ಗೋಡೆ ಮೇಲೆ ಕೂತ ಸ್ಲ್ಯಾಬಿಗೆ ಅಡ್ಡ ದಿಕ್ಕಿನಲ್ಲಿ ದೊಡ್ಡ ಸಂಖ್ಯೆ ಬಂದರೆ ಅಲ್ಲೇ ನಿಲ್ಲಿಸಿ. ಸಿವಿಲ್ ಓದಿದವರು ಮನೆಯಲ್ಲಿದ್ದರೆ ನಡುವಿನ ಒಂದು ಪಟ್ಟಿಯ ಮೊಮೆಂಟನ್ನು ಪೆನ್ನಿನಲ್ಲಿ ಹಾಕಿಸಿ, ಹತ್ತು ನಿಮಿಷದ ಕೆಲಸ. ಗೌಂಡಿ ಏನಾದರೂ ಅಂದರೆ ನನ್ನ ಹಾಗೆ ನಗಬೇಡಿ.

ಮುಂದಿನ ಪೋರ್ಟಿಕೋ ಸ್ಲ್ಯಾಬಿನ ಕೆಲಸವನ್ನೂ ಅವರಿಗೇ ಕೊಟ್ಟಿದ್ದೇನೆ. 3 ಮೀಟರಿಗೆ 4, ಚದರ ಮೀಟರಿಗೆ 6 ಕಿಲೋನ್ಯೂಟನ್ ಭಾರ, ನಾಲ್ಕು ಕಂಬ. ನಿನ್ನೆ ಆ ಹುಡುಗ ಮೊಬೈಲಿಗೆ ಒಂದು ಹಾಳೆ ಕಳಿಸಿದ. ಚಿತ್ರ ಒಂದೂ ಇರಲಿಲ್ಲ. ಮೊದಲ ಸಾಲಿನಲ್ಲೇ ಬರೆದಿದ್ದ: ಒಟ್ಟು ಭಾರ 72, ಒಟ್ಟು ರಿಯಾಕ್ಷನ್ 72, ಸರ್.